ಜಲಜಕ್ಕ ಹೇಳಿದ ದೋಣಿಯ ಸಿನೆಮಾ

ಕಳೆದ ತಿಂಗಳು ಮನೆಯ ಹೊಲಿಗೆ ಮೆಷಿನಿಗೆ ಎಣ್ಣೆ ಬಿಡಿಸಿದೆ. ರಿಪೇರಿಯವರು ಪುತ್ತೂರು ಪೇಟೆಯಿಂದ ನರಿಮೊಗರಿನ ನಮ್ಮ ಮನೆಗೆ ಬಂದು, ಅದರ ತಲೆಯನ್ನು ಹಿಂದಕ್ಕೆ ಮಗುಚಿ, ಪುಟ್ಟ ಕುಪ್ಪಿಯ ಮೂತಿಯನ್ನು ಸಂದುಗೊಂದಿಗಳಿಗೆಲ್ಲ ತೋರಿಸಿ, "ಅಕ್ಕ, ನೀವು ಇದರಲ್ಲಿ ಹೊಲಿಯುದು ಕಡಿಮೆ ಅಂತ ಕಾಣ್ತದೆ" ಎಂದರು. ಕಡಿಮೆ ಎಂದದ್ದು ಅವರ ಸೌಜನ್ಯ. ಆರು ವರ್ಷದಿಂದ ಅದರ ಮೇಲೆ ಇಸ್ತ್ರಿಯಾಗಬೇಕಾದ ಬಟ್ಟೆ ಕೂತಿತ್ತು. ಅವರು ಹೋದ ಮೇಲೂ ಕೋಣೆಯಲ್ಲಿ ಎಣ್ಣೆಯ ವಾಸನೆ ಉಳಿಯಿತು. ಆ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ, ಹೊಸ ಲಂಗವೋ, ಶಾಲೆಯ ಯೂನಿಫಾರ್ಮೋ. ನನಗೆ ಸಿನೆಮಾ ನೆನಪಾಗುತ್ತದೆ. ಅದೂ ಒಬ್ಬರೇ ಒಬ್ಬ ನಿರ್ದೇಶಕರ ಸಿನೆಮಾ.

ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಮೊಬೈಲು ತೆಗೆದು ಹುಡುಕಲು ಹೊರಡುತ್ತೀರಿ, ನಾನಿಲ್ಲಿ ಒಬ್ಬಳೇ ಮಾತಾಡುತ್ತ ಕೂರಬೇಕಾಗುತ್ತದೆ. ಮಲಯಾಳದವರು, ಮಾಡಿದ್ದು ಮೂರೇ ಸಿನೆಮಾ, ಮೂರೂ ಟಾಕೀಸಿನಲ್ಲಿ ಓಡಲಿಲ್ಲವಂತೆ. ಇಷ್ಟು ಸಾಕು. ಓಡದ ಸಿನೆಮಾಗಳಿಗೆ ಆಮೇಲೆ ಹುಟ್ಟಿಕೊಳ್ಳುವ ಭಕ್ತರು ಇರುತ್ತಾರಲ್ಲ, ಅಂಥ ಭಕ್ತಮಂಡಳಿಯ ಒಂದು ಶಾಖೆ ಗುತ್ತಿಗಾರಿನಲ್ಲಿ, ನನ್ನ ತವರಿನ ಪಕ್ಕದ ಮನೆಯ ಜಲಜಕ್ಕನ ಜಗಲಿಯಲ್ಲಿತ್ತು. ಅದು ಆ ನಿರ್ದೇಶಕರಿಗೆ ಇವತ್ತಿಗೂ ಗೊತ್ತಿರಲಾರದು.

ಜಲಜಕ್ಕ ಪಯಸ್ವಿನಿ ಹೊಳೆಯ ಆಚೆಯಿಂದ, ಕಾಸರಗೋಡಿನ ಕಡೆಯಿಂದ ಮದುವೆಯಾಗಿ ಬಂದವರು. ನಮ್ಮ ಊರಿನ ಹೆಂಗಸರ ರವಿಕೆಗಳೆಲ್ಲ ಅವರ ಕೈಯಲ್ಲಿಯೇ ಆಗಬೇಕು. ತವರಿಗೆ ಹೋಗಿ ಬರುವಾಗ ಹಲಸಿನ ಹಪ್ಪಳದ ಕಟ್ಟಿನೊಟ್ಟಿಗೆ ಸಿನೆಮಾದ ಸೀಡಿಗಳನ್ನೂ ತರುತ್ತಿದ್ದರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸುತ್ತಲಿನ ನಾಲ್ಕು ಮನೆಯವರು ಅಲ್ಲಿ ಸೇರುವುದು. ಸೋಮವಾರಕ್ಕೆ ಕೊಡಬೇಕಾದ ರವಿಕೆಗಳು ಯಾವ ವಾರವೂ ಮುಗಿದಿರುತ್ತಿರಲಿಲ್ಲವಾದ್ದರಿಂದ ಜಲಜಕ್ಕ ಮೆಷಿನನ್ನು ಟಿವಿಯ ಪಕ್ಕಕ್ಕೇ ಎಳೆದು, ಕಾಲಿನಲ್ಲಿ ತುಳಿಯುತ್ತ, ಕೈಯಲ್ಲಿ ಬಟ್ಟೆ ನೂಕುತ್ತ, ಬಾಯಲ್ಲಿ ನಮಗೆ ಸಿನೆಮಾ ಹೇಳುತ್ತಿದ್ದರು.

ನಮಗೆ ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮಲಯಾಳ ಅರ್ಧಂಬರ್ಧ. ಹಾಗಾಗಿ ಜಲಜಕ್ಕ ಒಂದೊಂದು ಮಾತನ್ನೂ ಅರೆಭಾಷೆ ಮಾಡಿ ಕೊಡುತ್ತಿದ್ದರು. ಬರೀ ಮಾತನ್ನಲ್ಲ. "ಇವ ಈಗ ಹೇಳುದು ಪೂರಾ ಸುಳ್ಳು, ನಂಬ್ಬೇಡಿ" ಎಂದು ಮುಂಚೆಯೇ ಎಚ್ಚರಿಸುತ್ತಿದ್ದರು. ನಾಯಕಿ ಅತ್ತರೆ "ಅಳುವಂಥದ್ದು ಎಂತ ಆಗಿದೆ ಇವಳಿಗೆ" ಎಂದು ಬೈಯುತ್ತಿದ್ದರು. (ಇವೆಲ್ಲ ಅರೆಭಾಷೆಯಲ್ಲಿ ಆಡಿದ ಮಾತುಗಳು, ನಿಮಗಾಗಿ ನಾನು ಕನ್ನಡ ಮಾಡಿದ್ದೇನೆ. ನಾನೂ ಜಲಜಕ್ಕನ ಶಿಷ್ಯೆಯೇ ಆದ್ದರಿಂದ ಒಂದೆರಡು ಕಡೆ ಸ್ವಲ್ಪ ಸೇರಿರಬಹುದು.)

ಸೀಡಿಯ ಮೇಲಿನ ಅಕ್ಷರ ಓದಲು ಬಾರದ ಕಾರಣ ಆ ಮೂರು ಸಿನೆಮಾಗಳಿಗೆ ನಾವೇ ಹೆಸರಿಟ್ಟಿದ್ದೆವು. ಬ್ಯಾಂಡಿನ ಸಿನೆಮಾ: ಮದುವೆಗೆ ಹೊರಟ ಬ್ಯಾಂಡ್‌ಸೆಟ್ಟಿನವರು ತಪ್ಪು ಸ್ಟಾಪಿನಲ್ಲಿ ಇಳಿದು, ಮದುವೆಯೇ ಇಲ್ಲದ ಊರಿನಲ್ಲಿ ಮೂರು ದಿನ ಬಾಜಾ ಬಾರಿಸುತ್ತಾರೆ. ಗೋಡೆಯ ಸಿನೆಮಾ: ಅಣ್ಣ ತಮ್ಮ ಜಗಳವಾಡಿ ಮನೆಯ ನಡುವೆ ಗೋಡೆ ಕಟ್ಟುತ್ತಾರೆ, ಅಜ್ಜಿಯ ಮಂಚ ಸರೀ ನಡುವಿನಲ್ಲಿ ಇರುವುದು ಆಮೇಲೆ ಗೊತ್ತಾಗುತ್ತದೆ. ಮೂರನೆಯದು ದೋಣಿಯ ಸಿನೆಮಾ. ಹೊಳೆಗೆ ಸೇತುವೆಯಾಗಿದೆ, ಊರಿಗೆ ಊರೇ ಅದರ ಮೇಲೆ ಹೋಗುತ್ತದೆ. ಒಬ್ಬಳು ಹೆಂಗಸು ಮಾತ್ರ ದಿನಾ ಆಚೆ ದಡದಲ್ಲಿ ನಿಂತು ದೋಣಿಯವನನ್ನು ಕೂಗುತ್ತಾಳೆ.

ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಒಳ್ಳೆಯದು ಎನ್ನುವುದೇ ನಮ್ಮ ಜಗಳ. ನನ್ನ ದೊಡ್ಡಪ್ಪನ ಮಗ ದಯಣ್ಣ ಬ್ಯಾಂಡಿನ ಪಕ್ಷ. ಆಗ ಗುತ್ತಿಗಾರು–ಸುಳ್ಯ ಜೀಪು ಓಡಿಸುತ್ತಿದ್ದ ಅವನು, ಸಿನೆಮಾವನ್ನೇ ನೋಡದ ಪ್ಯಾಸೆಂಜರುಗಳಿಂದಲೂ ಓಟು ಹಾಕಿಸಿಕೊಂಡು ಬರುತ್ತಿದ್ದ. "ದೋಣಿಯಲ್ಲಿ ಎಂತ ಉಂಟು? ಎರಡು ಗಂಟೆ ಹುಟ್ಟು ಹಾಕುದು ಬಿಟ್ರೆ?" ಎನ್ನುತ್ತಿದ್ದ. ನನ್ನ ಅಕ್ಕನನ್ನು ಮದುವೆಯಾಗಿ ಕಡಬದಲ್ಲಿ ಮೊಬೈಲು ಅಂಗಡಿ ಇಟ್ಟ ಲೋಕೇಶ ಭಾವ ಗೋಡೆಯ ಪಕ್ಷ. ಅಜ್ಜಿ ಮಂಚದಿಂದ ಆಡುವ ಒಂದು ಮಾತು ಕೇಳಿದರೆ ಅವರಿಗೆ ಪ್ರತಿ ಸಲವೂ ಕಣ್ಣೀರು ಬರುತ್ತಿತ್ತು. ನಾನು ದೋಣಿ. ಮದುವೆಮನೆ, ಸತ್ತವರ ಬೊಜ್ಜದ ಊಟ, ಬಾಣಂತಿಯ ಕೋಣೆ, ನಾವು ಸೇರಿದಲ್ಲೆಲ್ಲ ಈ ವಾದ. ಅಪ್ಪ ಒಮ್ಮೆ ಸಿಟ್ಟಿನಿಂದ "ಆ ಪುಣ್ಯಾತ್ಮ ನಾಲ್ಕನೆಯದ್ದು ಒಂದು ಮಾಡಿದ್ದರೆ ಇವರ ಬಾಯಿ ಮುಚ್ಚುತ್ತಿತ್ತು" ಎಂದಿದ್ದರು.

ದೋಣಿಯ ಪರವಾಗಿ ನನ್ನಲ್ಲಿದ್ದ ಅಸ್ತ್ರ ಒಂದೇ. ಕೊನೆಯ ದೃಶ್ಯ. ದೋಣಿಯವನು ನಾಳೆಯಿಂದ ಬರುವುದಿಲ್ಲ. ಹೆಂಗಸು ದಡಕ್ಕೆ ಇಳಿದವಳು ತಿರುಗಿ ನಿಂತು ಒಂದು ಮಾತು ಹೇಳುತ್ತಾಳೆ. ಜಲಜಕ್ಕ ಅದನ್ನು ಮೆಷಿನು ನಿಲ್ಲಿಸಿ ಹೇಳಿದ್ದರು:

"ಸೇತುವೆಯಲ್ಲಿ ಹೋದರೆ ಬೇಗ ಮುಟ್ಟುದು ಹೌದು. ಆದರೆ ಅಲ್ಲಿ ನನ್ನನ್ನು ಕಾಯುದು ಯಾರು?"

ಅಮ್ಮ ಸೆರಗಿನಲ್ಲಿ ಮೂಗು ಒರೆಸಿದರು. ಮರುವರ್ಷ ಮತ್ತೆ ನೋಡಿದೆವು. ಆ ಮಾತು ಬರುವ ಮೊದಲೇ ಎಲ್ಲರೂ ಜಲಜಕ್ಕನ ಮುಖ ನೋಡುತ್ತ ಕೂತಿದ್ದೆವು.

ಅದು ಬರೀ ಸಿನೆಮಾದ ಮಾತಾಗಿ ಉಳಿದಿದ್ದರೆ ಈ ಪ್ರಬಂಧ ಬರೆಯುವ ಅಗತ್ಯವಿರಲಿಲ್ಲ. ಅದೇ ಹೊತ್ತಿಗೆ ನನಗೆ ಎರಡು ಸಂಬಂಧ ಬಂದವು. ಒಂದು, ಕಾರು, ಮಾರ್ಗದ ಬದಿಯಲ್ಲೇ ಮನೆ. ಇನ್ನೊಂದು, ಪುತ್ತೂರಿನಲ್ಲಿ ಪುಟ್ಟ ಜೆರಾಕ್ಸ್ ಅಂಗಡಿ. ಜೆರಾಕ್ಸಿನವರನ್ನು ಹತ್ತು ಗಂಟೆಗೆ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಭೇಟಿಯಾಗುವುದೆಂದು ಮಾತಾಗಿತ್ತು. ನಮ್ಮ ಬಸ್ಸು ಬೆಳ್ಳಾರೆಯಲ್ಲಿ ಕೆಟ್ಟು ನಿಂತು, ನಾನು, ಅಪ್ಪ, ಅಮ್ಮ ಮುಟ್ಟುವಾಗ ಒಂದೂವರೆ. ಅವರ ಕಡೆಯ ನೆಂಟರೆಲ್ಲ ಊಟಕ್ಕೆ ಹೋಗಿ ಆಗಿತ್ತು. ಅವರು ಮಾತ್ರ ಬಸ್‌ಸ್ಟ್ಯಾಂಡಿನ ಒಂದು ಕಂಬದ ಬಳಿ, ಬೆವರಿನಲ್ಲಿ ಒದ್ದೆಯಾದ ಇಸ್ತ್ರಿ ಅಂಗಿಯಲ್ಲಿ ನಿಂತಿದ್ದರು. ಮನೆಗೆ ಬಂದು ಅಪ್ಪ "ಕಾರಿನವರನ್ನು ಯಾಕೆ ಬೇಡ ಹೇಳ್ತಿ?" ಎಂದು ಕೇಳಿದಾಗ ನಾನು ಹೇಳಿದೆ, "ಸೇತುವೆಯಲ್ಲಿ ಹೋದರೆ ಬೇಗ ಮುಟ್ಟುದು ಹೌದು ಅಪ್ಪ. ಆದರೆ ಅಲ್ಲಿ ನನ್ನನ್ನು ಕಾಯುದು ಯಾರು?" ಅಪ್ಪನಿಗೆ ಯಾವ ಸೇತುವೆ ಎಂದೇ ಗೊತ್ತಾಗಲಿಲ್ಲ. ಅಮ್ಮ ಒಳಗಿನಿಂದ "ಅವಳು ಹೇಳುದು ಸರಿ ಉಂಟು" ಎಂದರು. ಹೀಗೆ ನನ್ನ ಮದುವೆ ಆಯಿತು. ಜಲಜಕ್ಕ ಮುಂದೆ ಮೋಟಾರಿನ ಮೆಷಿನು ತೆಗೆದುಕೊಂಡಾಗ ಹಳೆಯದನ್ನು ನನಗೆ ಕೊಟ್ಟರು. ಎಣ್ಣೆ ಬಿಡಿಸಿದ್ದು ಅದೇ ಮೆಷಿನಿಗೆ.

ಎಣ್ಣೆ ಬಿಟ್ಟ ಆ ಸಂಜೆಯೇ ದಯಣ್ಣನ ಮೆಸೇಜು ಬಂತು. ಮೂರೂ ಸಿನೆಮಾ ಇಂಟರ್‌ನೆಟ್ಟಿನಲ್ಲಿ ಬಂದಿವೆ, ಕೆಳಗೆ ಇಂಗ್ಲಿಷಿನಲ್ಲಿ ಮಾತು ಕೂಡ ಬರುತ್ತದೆ, ಮುಂದಿನ ಭಾನುವಾರ ಜಲಜಕ್ಕನ ಮನೆಯಲ್ಲಿ ಎಲ್ಲರೂ ಕೂತು ನೋಡಿ ಇಪ್ಪತ್ತು ವರ್ಷದ ಕೇಸನ್ನು ಮುಗಿಸುವುದು. ಎದುರಿನವರಿಗೆ ಗೊತ್ತಾಗದಂತೆ ತಯಾರಿ ಮಾಡಿಕೊಳ್ಳುವುದು ನನ್ನ ಹುಟ್ಟುಗುಣ. ಮರುದಿನ ನಾನು ಪಾಠ ಮಾಡುವ ಶಾಲೆಯ ಸ್ಟಾಫ್‌ರೂಮಿನಲ್ಲಿ ಬುತ್ತಿ ಬಿಚ್ಚಿಟ್ಟುಕೊಂಡು ಮೊಬೈಲಿನಲ್ಲಿ ದೋಣಿಯ ಕೊನೆಯ ದೃಶ್ಯ ಹಾಕಿದೆ.

ಹೆಂಗಸು ಇಳಿದಳು. ತಿರುಗಿದಳು. ಕೆಳಗೆ ಅಕ್ಷರ ಬಂತು. ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ: "ಮಳೆ ಬರುವ ಹಾಗಿದೆ. ಕೊಡೆ ತರಲಿಲ್ಲ."

ಐದು ಸಲ ಹಿಂದೆ ಮುಂದೆ ಮಾಡಿ ನೋಡಿದೆ. ಮಳೆ, ಕೊಡೆ. ಈ ಎರಡು ಶಬ್ದ ಮಲಯಾಳದಲ್ಲಿ ಕೇಳಿದರೆ ತಿಳಿಯದಷ್ಟು ದಡ್ಡರೇನೂ ನಾವಲ್ಲ. ಆದರೆ ನಮ್ಮ ಕಿವಿ ಟಿವಿಯ ಕಡೆಗೆ ಇದ್ದದ್ದು ಯಾವಾಗ? ಅನ್ನ ತಣ್ಣಗಾಯಿತು. ನಗು ಬಂತು. ಇಪ್ಪತ್ತು ವರ್ಷದ ವಾದ ಹೋದರೆ ಹೋಗಲಿ, ನನ್ನ ಇಡೀ ಸಂಸಾರ ಸಿನೆಮಾದಲ್ಲಿ ಇಲ್ಲದ ಒಂದು ಡೈಲಾಗಿನ ಮೇಲೆ ನಿಂತಿತ್ತಲ್ಲ! ಅದಕ್ಕಿಂತ ಹೆಚ್ಚಾಗಿ, ದಯಣ್ಣ ಎಲ್ಲರೆದುರು ಜಲಜಕ್ಕನನ್ನು ಹಿಡಿದು ನಗಾಡಿದರೆ? ಅವರಿಗೆ ಅವಮಾನವಾಗುವುದನ್ನು ನನ್ನಿಂದ ನೋಡಲಾಗದು.

ಭಾನುವಾರ ಎಲ್ಲರಿಗಿಂತ ಎರಡು ಗಂಟೆ ಮೊದಲೇ ಗುತ್ತಿಗಾರಿಗೆ ಹೋದೆ. ಜಲಜಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ರವಿಕೆಯೊಂದಕ್ಕೆ ಕಾಜ ಹಾಕುತ್ತಿದ್ದರು. ಸುತ್ತಿ ಬಳಸದೆ ಕೇಳಿದೆ.

"ಜಲಜಕ್ಕ, ದೋಣಿಯದ್ದರಲ್ಲಿ ಆ ಮಾತು ಇಲ್ವಲ್ಲ?"

ಅವರು ಹಲ್ಲಿನಿಂದ ನೂಲು ಕಡಿದರು. "ಇಲ್ಲ."

"ಮತ್ತೆ?"

"ಎಂತ ಮಾಡುದು ಮಾರಾಯ್ತಿ? ಆ ಹಳೇ ಮೆಷಿನಿನ ಶಬ್ದದಲ್ಲಿ ಅವಳು ಹೇಳಿದ್ದು ನನಗೆ ಕೇಳ್ಲಿಲ್ಲ. ನಿಲ್ಲಿಸುವಾಗ ಮಾತು ಮುಗಿದಿತ್ತು. ನೀವೆಲ್ಲ ನನ್ನ ಮೋರೆ ನೋಡ್ತಾ ಕೂತಿದ್ದೀರಿ. ಏನಾದ್ರೂ ಒಂದು ಹೇಳ್ಬೇಕಲ್ಲ."

"ಎರಡನೇ ಸಲ ಕೇಳಿರ್ಬಹುದಲ್ಲ?"

"ಕೇಳಿತು. ಅಷ್ಟು ಜನ ಆ ಮಾತಿಗಾಗಿಯೇ ಬಂದು ಕೂತಿರುವಾಗ ಕೊಡೆ ತರ್ಲಿಲ್ಲ ಹೇಳುದು ಹೇಗೆ?"

ಆ ಮಾತು ಎಲ್ಲಿಂದ ಬಂತು ಎಂದು ಕೇಳಿದೆ. ಅವರು ಕಾಜವನ್ನು ಉಗುರಿನಿಂದ ತೀಡುತ್ತ ಹೇಳಿದರು. ಮದುವೆಯಾದ ಹೊಸತರಲ್ಲಿ ತವರಿಗೆ ಹೋಗುವಾಗ ಹೊಳೆಗೆ ದೋಣಿಯೇ. ಯಾವ ಹೊತ್ತಿಗೆ ಮುಟ್ಟಿದರೂ ಆಚೆ ದಡದಲ್ಲಿ, ದೋಣಿ ನಿಲ್ಲುವ ಕಡವಿನಲ್ಲಿ ಅವರ ಅಪ್ಪ ಬೀಡಿ ಸೇದುತ್ತ ಕೂತಿರುತ್ತಿದ್ದರು. ಆಮೇಲೆ ಸೇತುವೆಯಾಯಿತು. ಬಸ್ಸು ಮನೆಯ ಗೇಟಿನ ಎದುರೇ ಇಳಿಸತೊಡಗಿತು. "ಸುಖವೇ. ಆದ್ರೆ ಅಪ್ಪ ಮತ್ತೆ ಕಡವಿಗೆ ಬರ್ಲಿಲ್ಲ. ಯಾಕೆ ಬರ್ಬೇಕು, ಅಲ್ವಾ?" ಎಂದು ನಕ್ಕರು. ನನಗೆ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ಹಿಡಿದುಕೊಂಡೆ. ಬೆರಳಿಗೆ ಸೂಜಿ ಚುಚ್ಚಿತು.

ಕೆಳಗಿನ ಅಕ್ಷರ ಬಾರದ ಹಾಗೆ ಮಾಡಲು ಬರುತ್ತದೆ, ಲೋಕೇಶ ಭಾವನಿಗೆ ಗುಟ್ಟಾಗಿ ಹೇಳುತ್ತೇನೆ ಎಂದೆ. "ಸುಮ್ನಿರು" ಎಂದರು ಜಲಜಕ್ಕ.

ಲೋಕೇಶ ಭಾವ ಕಡಬದಿಂದ ವಯರು, ಡಬ್ಬಿ ತಂದು ಟಿವಿಗೆ ಸಿಕ್ಕಿಸಿದರು. ಹಳೇ ಜನ, ಹಳೇ ಜಾಗ, ಚಕ್ಕುಲಿ ಮಾತ್ರ ಹೊಸತು. ಜಲಜಕ್ಕ ಮೋಟಾರಿನ ಮೆಷಿನಿನ ಎದುರು ಕೂತರು. ಕೊನೆಯ ದೃಶ್ಯ ಬಂತು. ಹೆಂಗಸು ಇಳಿದು ತಿರುಗಿದಳು. ಕೆಳಗೆ ಕೊಡೆಯ ಮಾತು ಮೂಡಿತು. ಅದೇ ಹೊತ್ತಿಗೆ ಜಲಜಕ್ಕ ಮೆಷಿನು ನಿಲ್ಲಿಸಿ, ಗಂಟಲು ಸರಿಮಾಡಿ, ಇಪ್ಪತ್ತು ವರ್ಷದ ಹಿಂದಿನ ಅದೇ ದನಿಯಲ್ಲಿ ಸೇತುವೆಯ ಮಾತನ್ನು ಪೂರ್ತಿ ಹೇಳಿದರು.

ದಯಣ್ಣ ರಿಮೋಟು ಒತ್ತಿದ. ಹೆಂಗಸು ಬಾಯಿ ತೆರೆದೇ ನಿಂತಳು.

"ಜಲಜಕ್ಕ, ಕೆಳಗೆ ಬೇರೆಯೇ ಬರ್ತಾ ಉಂಟಲ್ಲ?"

"ಕೆಳಗಿದ್ದದ್ದು ಅವರದ್ದು. ಮೇಲಿದ್ದದ್ದು ನನ್ನದು," ಎಂದರು ಜಲಜಕ್ಕ. ಮತ್ತೆ ಮೆಷಿನು ಶುರು ಮಾಡಿದರು.

ಮೊದಲು ಎಚ್ಚರವಾದದ್ದು ಲೋಕೇಶ ಭಾವನಿಗೆ. "ಹಾಗಾದ್ರೆ ಗೋಡೆಯದ್ದರಲ್ಲಿ ಅಜ್ಜಿ ಹೇಳುದು?" ಎಂದು ಹೆದರಿ ಹೆದರಿ ಕೇಳಿದರು. ಜಲಜಕ್ಕ "ಅದು ನೆನಪಿಲ್ಲಪ್ಪ" ಎಂದು ಬಟ್ಟೆಯ ಕಡೆ ನೋಡಿದರು. ಭಾವನ ಮುಖ ನೋಡಬೇಕಿತ್ತು ನೀವು. "ಬ್ಯಾಂಡು?" ಎಂದ ದಯಣ್ಣ. "ಅದರಲ್ಲಿ ಬಾಜಾವೇ ಜಾಸ್ತಿ. ನಾನು ಹೇಳಿದ್ದು ಕಡಿಮೆ." ದಯಣ್ಣ ಗೆದ್ದವನಂತೆ ಎದ್ದು ನಿಂತ. ಆ ನಿರ್ದೇಶಕರು ಸ್ವಂತ ಕೈಯಿಂದ ಮಾಡಿದ ಸಿನೆಮಾ ಎಂದರೆ ಅದೊಂದೇ ಎಂದು ಘೋಷಿಸಿದ. ಆಮೇಲೆ ನಗು ಶುರುವಾಯಿತು ನೋಡಿ, ಅಮ್ಮ ನಕ್ಕೂ ನಕ್ಕೂ ಚಕ್ಕುಲಿ ನೆತ್ತಿಗೆ ಹತ್ತಿ, ನೀರು ಕುಡಿಸಬೇಕಾಯಿತು. ನಗುವವರಲ್ಲಿ ಜಲಜಕ್ಕನೇ ಮೊದಲು. ನಾನು ಹೆದರಿದ್ದು ಯಾವುದಕ್ಕೋ!

ಚಹಾ ಆದ ಮೇಲೆ ದಯಣ್ಣ ನನ್ನ ಬಳಿ ಬಂದು ದನಿ ತಗ್ಗಿಸಿ ಹೇಳಿದ. "ಒಂದು ಮಾತು ಹೇಳ್ತೇನೆ, ಯಾರಿಗೂ ಹೇಳ್ಬೇಡ. ಅವಳು ಕೊಡೆ ತರ್ಲಿಲ್ಲ ಹೇಳಿದ್ದು ಯಾಕೆ? ಸ್ವಲ್ಪ ಹೊತ್ತು ದೋಣಿಯಲ್ಲೇ ಕೂರ್ತೇನೆ ಅಂತ. ಅಲ್ವಾ? ಅದು ಮೊದ್ಲೇ ಗೊತ್ತಿದ್ದರೆ ನಾನು ದೋಣಿಗೇ ಓಟು ಹಾಕ್ತಿದ್ದೆ ಮಾರಾಯ್ತಿ."

ನನಗೆ ಅದು ಹೊಳೆದೇ ಇರಲಿಲ್ಲ. ಐದು ಸಲ ನೋಡಿದವಳಿಗೆ! ಆದರೂ ಸೋಲಲು ಮನಸ್ಸಾಗದೆ "ಜಲಜಕ್ಕನದ್ದೇ ಮೇಲು" ಎಂದೆ. ಅವನು ಇಲ್ಲ ಎಂದ. ಬಸ್ಸು ಬರುವವರೆಗೂ ಜಗಳವಾಡಿದೆವು. ಇನ್ನು ಇಪ್ಪತ್ತು ವರ್ಷಕ್ಕೆ ತೊಂದರೆಯಿಲ್ಲ.

ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಸಂಜೆ. ಇವರು ಸ್ಕೂಟರನ್ನು ಅದೇ ಕಂಬಕ್ಕೆ ಒರಗಿಸಿ ನಿಂತಿದ್ದರು. ಬಸ್ಸು ಮುಕ್ಕಾಲು ಗಂಟೆ ತಡ, ಅದರ ಬಗ್ಗೆ ಒಂದು ಮಾತಿಲ್ಲ. ಇವರು ಆ ಮೂರರಲ್ಲಿ ಒಂದು ಸಿನೆಮಾವನ್ನೂ ನೋಡಿದವರಲ್ಲ. ಮೇಲೆ ಮೋಡ ಕಟ್ಟಿತ್ತು. ಚೀಲದಲ್ಲಿ ಕೊಡೆ ಇದ್ದರೂ ನಾನು ಹೇಳಿದೆ, "ಮಳೆ ಬರುವ ಹಾಗುಂಟು. ಕೊಡೆ ತರ್ಲಿಲ್ಲ."

ಇವರು ಆಕಾಶ ನೋಡಿದರು, ಆಮೇಲೆ ನನ್ನನ್ನು ನೋಡಿ ತುಳುವಿನಲ್ಲಿ ಏನೋ ಹೇಳಿದರು. ಅಷ್ಟರಲ್ಲಿ ಹಿಂದಿನಿಂದ ಒಂದು ಬಸ್ಸು ಉದ್ದಕ್ಕೆ ಹಾರ್ನು ಹೊಡೆಯಿತು. ತುಟಿ ಅಲುಗಿದ್ದು ಮಾತ್ರ ಕಂಡಿತು. ಏನೆಂದು ಇನ್ನೊಮ್ಮೆ ಕೇಳಬಹುದಿತ್ತು. ನಾನು ಕೇಳಲಿಲ್ಲ.

ಇವರು ಹೇಳಿದ್ದು ಇದು: "ಬರ್ಲಿ ಬಿಡು. ನೀನು ಬರುವವರೆಗೆ ನಿಂತವನಿಗೆ ಮಳೆ ಬಿಡುವವರೆಗೆ ನಿಲ್ಲುದು ಕಷ್ಟವಾ?"

ಅನುವಾದ ನನ್ನದು.