ಮೂರು ಸಲ ಕೇಳಿದ ಆರ್‌ಡಿಒ ಸಾರ್

ಹೋದ ವಾರ ಹೊಸ ಕೈಮಗ್ಗದ ಸೀರೆಯೊಂದನ್ನು ಮೊದಲ ಸಲ ನೀರಿಗೆ ಹಾಕಿದೆ. ಬಕೆಟ್ಟಿನಿಂದ ಗಂಜಿಯ ಹುಳಿ ವಾಸನೆ ಎದ್ದಿತು. ನನ್ನ ಗಂಡನಿಗೆ ಅದು ಹಳಸಿದ ಅನ್ನದ ನಾತ. ಮೂಗು ಮುಚ್ಚಿಕೊಂಡು ಹೊರಗೆ ಹೋದರು. ನನಗೆ ತಮಿಳು ಸೀಮೆಯ ಪೆರಿಯನಾಯಕನಪಾಳ್ಯಂನ ನಮ್ಮ ಹಳೆಯ ಮನೆ, ನಡುಮನೆಯ ಕುಳಿಮಗ್ಗ, ಆ ಮಗ್ಗದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಆರ್‌ಡಿಒ ಸಾರ್ ನೆನಪಾದರು.

ಆರ್‌ಡಿಒ ಎಂದರೆ ಕಂದಾಯ ಇಲಾಖೆಯಲ್ಲಿ ತಹಸೀಲ್ದಾರರ ಮೇಲಿನವರು. ಅವರು ಅಲ್ಲಿಗೇ ನಿಲ್ಲಲಿಲ್ಲ. ಆಮೇಲೆ ಐಎಎಸ್ ಸಿಕ್ಕಿತು, ದಕ್ಷಿಣದ ಒಂದು ಜಿಲ್ಲೆಗೆ ಕಲೆಕ್ಟರ್ ಆದರು, ಕೊನೆಗೆ ಚೆನ್ನೈ ಸಚಿವಾಲಯದಲ್ಲಿ ಒಂದು ಇಲಾಖೆಯ ಕಾರ್ಯದರ್ಶಿಯಾಗಿ ನಿವೃತ್ತರಾದರು. ಸರ್ಕಾರ ಏನೇ ಬಡ್ತಿ ಕೊಟ್ಟರೂ ನಮ್ಮ ಮನೆಯಲ್ಲಿ ಮಾತ್ರ ಅವರಿಗೆ ಬಡ್ತಿ ಸಿಗಲಿಲ್ಲ. ಅಮ್ಮನ ಬಾಯಲ್ಲಿ ಅವರು ಆರ್‌ಡಿಒ ಆಗಿಯೇ ಉಳಿದರು, ಅದೂ ಎಷ್ಟೋ ವರ್ಷ ಒಂದು ಬೈಗುಳ ಸೇರಿಸಿಕೊಂಡು.

ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬಳೇ ಮಗ್ಗ ನಡೆಸುತ್ತಿದ್ದಳು. ನಮ್ಮ ಮನೆ ಇದ್ದದ್ದು ಪೊರಂಬೋಕಿನಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ. ಬೇರೆಲ್ಲೂ ಮನೆಯಿಲ್ಲದ ನೇಕಾರರಿಗೆ ಇರುವ ಜಾಗಕ್ಕೇ ಪಟ್ಟಾ, ಅಂದರೆ ಹಕ್ಕುಪತ್ರ, ಕೊಡುತ್ತಾರೆ ಎಂದು ಸುದ್ದಿ ಬಂತು. ತಮಿಳಿನಲ್ಲಿ ಅರ್ಜಿ ಬರೆದವಳು ನಾನೇ. ತೊಡಕು ಒಂದೇ ಇತ್ತು. ಧಾರಾಪುರಂನಲ್ಲಿ ತಾತ ಬಿಟ್ಟುಹೋದ ಮನೆಯಲ್ಲಿ ಅಮ್ಮನಿಗೂ ಪಾಲಿತ್ತು. ಅಲ್ಲಿ ವಾಸವಿದ್ದವನು ಅವಳ ತಮ್ಮ, ನನ್ನ ಮಾಮ. ಪಾಲು ಬಿಟ್ಟುಕೊಟ್ಟರೆ ಮನೆ ರಿಪೇರಿ ಮಾಡಿಸುತ್ತೇನೆ ಎಂದು ಮಾಮ ಕೇಳಿದ್ದ. ನೋಡೋಣ ಎಂದು ಅಮ್ಮ ತಳ್ಳಿಹಾಕಿದ್ದಳು. ಅಷ್ಟು ಬಿಟ್ಟರೆ ಅಕ್ಕತಮ್ಮ ಒಬ್ಬರ ಮೇಲೊಬ್ಬರು ಪ್ರಾಣ ಇಟ್ಟುಕೊಂಡಿದ್ದವರು. ದೀಪಾವಳಿಗೆ ಮಾಮ ತಪ್ಪದೆ ಸೀರೆ ತರುತ್ತಿದ್ದ. ನೇಯುವವಳಿಗೇ ಸೀರೆ ತರುತ್ತೀಯಲ್ಲೋ ಎಂದು ಅಮ್ಮ ಅಣಕಿಸಿ, ಅದನ್ನೇ ಉಟ್ಟುಕೊಳ್ಳುತ್ತಿದ್ದಳು.

ಸ್ಥಳ ನೋಡಲು ಆರ್‌ಡಿಒ ಸಾರ್ ತಾವೇ ಬಂದರು. ಕೂರುವ ಮೊದಲು ಮಗ್ಗದ ಹಾಸಿನಿಂದ ಒಂದೆಳೆಯನ್ನು ಎರಡು ಬೆರಳ ನಡುವೆ ಹೊಸೆದು ನೋಡಿದರು. ಆಗಲೇ ನಮಗೆ ಅನುಮಾನ ಬರಬೇಕಿತ್ತು. ಆಫೀಸಿನಲ್ಲಿ ಕೂರುವವರು ಎಳೆ ಹೊಸೆದು ಗಂಜಿ ಹಿಡಿದಿದೆಯೋ ಇಲ್ಲವೋ ಎಂದು ಯಾಕೆ ನೋಡುತ್ತಾರೆ? ಕೊಟ್ಟ ಮಜ್ಜಿಗೆ ಕುಡಿದು, ಫೈಲು ಬಿಚ್ಚಿ, ಬೇರೆಲ್ಲಾದರೂ ಮನೆ ಇದೆಯಾ ಎಂದು ತಮಿಳಿನಲ್ಲಿ ಕೇಳಿದರು.

ತಲೆಮಾರುಗಳಿಂದ ತಮಿಳರ ನಡುವೆ ಇರುವ ನಮ್ಮ ನೇಕಾರ ಜನಕ್ಕೊಂದು ರೂಢಿಯಿದೆ. ಹೊರಗೆಲ್ಲ ತಮಿಳು, ಮನೆಯೊಳಗೆ ಕನ್ನಡ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಗುಟ್ಟು ಹೇಳಬೇಕಾದರೆ ಎದುರಿಗಿದ್ದವರ ಮುಂದೆಯೇ ಕನ್ನಡದಲ್ಲಿ ಹೇಳಿಬಿಡುತ್ತೇವೆ. ಬಾಗಿಲು ಹಾಕಿಕೊಂಡು ಮಾತಾಡಿದಷ್ಟೇ ಧೈರ್ಯ. ಅಮ್ಮನೂ ಅದನ್ನೇ ಮಾಡಿದಳು. ನನ್ನ ಕಡೆ ತಿರುಗಿ ನಗುನಗುತ್ತಾ, “ಕಣ್ಣು, ಧಾರಾಪುರದ ಮನೆ ಸಂಗತಿ ಬಾಯಿ ಬಿಡ್ಬ್ಯಾಡ. ನಂ ಪಾಲು ಈಯಪ್ಪನಿಗೆ ಎಲ್ಲಿ ತಿಳೀತದೆ” ಅಂದಳು. ಆಮೇಲೆ ಅವರ ಕಡೆ ತಿರುಗಿ ಕೈಮುಗಿದು, “ಇಲ್ಲೀಂಗ ಸಾರ್” ಎಂದಳು. ನಾನೂ ಪಕ್ಕದಲ್ಲಿ ನಿಂತು ಇಲ್ಲ ಎಂದು ತಲೆಯಾಡಿಸಿದೆ.

ಅವರು ಬರೆದುಕೊಳ್ಳಲಿಲ್ಲ. ಪೆನ್ನು ಹಿಡಿದುಕೊಂಡೇ ಅದನ್ನೇ ಇನ್ನೊಮ್ಮೆ ಕೇಳಿದರು, ನಿಧಾನವಾಗಿ. ಅಮ್ಮ ಇಲ್ಲವೆಂದಳು. ಮೂರನೆಯ ಸಲ, ತವರಿನ ಕಡೆಯಿಂದ ಬಂದದ್ದೇನಾದರೂ... ಎಂದು ಅರ್ಧಕ್ಕೆ ನಿಲ್ಲಿಸಿ ಅಮ್ಮನ ಮುಖ ನೋಡಿದರು. ಎಷ್ಟು ಸಲ ಕೇಳುತ್ತಾನೋ ಈ ಮನುಷ್ಯ ಎಂದು ನನಗೆ ಒಳಗೊಳಗೇ ನಗು. ಅಮ್ಮ ಮತ್ತೆ “ಇಲ್ಲೀಂಗ” ಎಂದಳು. ಫೈಲು ಕಟ್ಟಿ ಎದ್ದರು.

ಕೆಲವು ದಿನಕ್ಕೆ ಆದೇಶ ಬಂತು. ಅರ್ಜಿದಾರರಿಗೆ ಧಾರಾಪುರಂನ ಮನೆಯಲ್ಲಿ ಪಾಲಿರುವುದು ವಿಚಾರಣೆಯಲ್ಲಿ ತಿಳಿದುಬಂದಿದೆ, ದಾಖಲೆಯಿಂದ ದೃಢಪಟ್ಟಿದೆ, ಪಟ್ಟಾ ಕೊಡಲಾಗದು. ವಿಚಾರಣೆಯಲ್ಲಿ ಎಂದಿತ್ತೇ ಹೊರತು ಯಾರಿಂದ ತಿಳಿಯಿತು ಎಂದಿರಲಿಲ್ಲ. ಅಮ್ಮನಿಗೆ ತಿಳಿಯಬೇಕಾದದ್ದು ಅದೊಂದೇ. ಪಾಲಿನ ವಿಷಯ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮತ್ತು ಮಾಮನಿಗೆ. ಪಾಲು ಬಿಟ್ಟುಕೊಡದ ಸಿಟ್ಟಿಗೆ ತಮ್ಮನೇ ಹೆಸರಿಲ್ಲದ ಅರ್ಜಿ ಹಾಕಿದ್ದಾನೆ ಎಂದು ತೀರ್ಮಾನಿಸಿಬಿಟ್ಟಳು. ಮಾಮ ಓಡಿಬಂದು ಮಗ್ಗ ಮುಟ್ಟಿ ಆಣೆಯಿಟ್ಟ. ಅಮ್ಮ ಅವನ ಮುಖ ನೋಡಲಿಲ್ಲ. ಮುಂದಿನ ದೀಪಾವಳಿಗೆ ಅವನು ತಂದ ಸೀರೆಯನ್ನು ಬಾಗಿಲ ಹೊರಗೇ ಬಿಟ್ಟಳು. ಮೂರು ದಿನ ಅಲ್ಲೇ ಇತ್ತು, ಆಮೇಲೆ ಯಾರು ತೆಗೆದುಕೊಂಡು ಹೋದರೋ...

ಅದಾದ ಮೇಲೆ ಇಪ್ಪತ್ತೆರಡು ವರ್ಷ ಅವರಿಬ್ಬರಿಗೆ ಮಾತಿರಲಿಲ್ಲ. ಪಟ್ಟಾ ಸಿಗದ ಆ ಜಾಗ ಬಿಟ್ಟು, ಮಗ್ಗ ಮಾರಿ ತುಡಿಯಲೂರಿಗೆ ಬಾಡಿಗೆ ಮನೆಗೆ ಬಂದೆವು. ನನ್ನ ಮದುವೆಯಲ್ಲಿ ಸೋದರಮಾವ ಕೈಹಿಡಿದು ಹಸೆಗೆ ಕರೆತರಬೇಕು. ದೂರದ ಸಂಬಂಧಿಕರೊಬ್ಬರನ್ನು ನಿಲ್ಲಿಸಿದರು. ಅವರ ಮುಖ ಈಗ ನೆನಪಿಲ್ಲ, ಅಂಗೈ ಬೆವತಿತ್ತು ಅಷ್ಟೇ. ಮಾಮ ಮಂಟಪದ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದು ಹೋದನಂತೆ. ಅದು ಕೇಳಿ ನಾನು ಅತ್ತುಬಿಟ್ಟೆ, ಅಮ್ಮನಿಗೆ ಮಾತ್ರ ಹೇಳಲಿಲ್ಲ.

ಮದುವೆಯಾದ ಮೇಲೂ ಅಮ್ಮ ನಮ್ಮ ಜೊತೆಗೇ ಇದ್ದಳು. ಆರ್‌ಡಿಒ ಸಾರ್ ನಿವೃತ್ತರಾಗಿ ನಮ್ಮ ಬೀದಿಗೇ ಬಂದು ಮನೆ ಮಾಡಿದ್ದು ನನಗೆ ಗೊತ್ತಿರಲಿಲ್ಲ. ಒಂದು ದಿನ ತರಕಾರಿ ಅಂಗಡಿಯಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದೆ. ಹಿಂದಿನಿಂದ ಯಾರೋ, “ಮನೇಲಿ ಕನ್ನಡಾನಾ ತಾಯಿ?” ಎಂದರು. ತಿರುಗಿದರೆ ನರೆತ ಕೂದಲು, ಅದೇ ಮುಖ. ಕೈಯಲ್ಲಿದ್ದ ಬದನೆಕಾಯಿ ಬುಟ್ಟಿಗೆ ಬಿತ್ತು. ನಮ್ಮ ಊರು, ಮಗ್ಗ, ಪಟ್ಟಾ, ಎಲ್ಲ ಒಂದೇ ಉಸಿರಿಗೆ ಹೇಳಿ ಕೇಳಿದೆ, ಅವತ್ತು ನಿಮಗೆ ಅರ್ಥವಾಗಿತ್ತಾ?

“ಅದಕ್ಕೇ ಅಲ್ವಾ ಮೂರು ಸಲ ಕೇಳಿದ್ದು, ನೀವೇ ನಿಜ ಹೇಳ್ಲಿ ಅಂತ” ಎಂದರು.

ಅವರೂ ನಮ್ಮ ಹಾಗೆ ಕನ್ನಡದ ನೇಕಾರರ ಮನೆಯವರೇ. ಮೊದಲ ಪೋಸ್ಟಿಂಗಿನಲ್ಲಿ ಒಬ್ಬ ಅರ್ಜಿದಾರನ ಜೊತೆ ಕನ್ನಡದಲ್ಲಿ ಮಾತಾಡಿದ್ದರಂತೆ. ನ್ಯಾಯವಾಗಿಯೇ ಅವನಿಗೆ ಪಟ್ಟಾ ಸಿಕ್ಕಿತು. ತಮ್ಮವನೆಂದು ಕೊಟ್ಟರು ಎಂದು ದೂರು ಹೋಗಿ, ತನಿಖೆಯಲ್ಲಿ ಆ ಬಡವನ ಪಟ್ಟಾ ರದ್ದಾಯಿತು. ಅಂದಿನಿಂದ ಸರ್ವೀಸು ಮುಗಿಯುವವರೆಗೂ ಅವರು ಹೊರಗೆ ಒಂದು ಮಾತು ಕನ್ನಡ ಆಡಲಿಲ್ಲ. ಯಾರಿಂದ ತಿಳಿಯಿತು ಎಂದು ನಮ್ಮ ಆದೇಶದಲ್ಲಿ ಬರೆಯದೆ ಹೋದದ್ದೂ ಅದಕ್ಕೇ. ಬರೆದರೆ ಇವರಿಗೆ ಕನ್ನಡ ಬರುತ್ತದೆ ಎಂದು ಫೈಲೇ ಹೇಳಿಬಿಡುತ್ತಿತ್ತು.

ಅಮ್ಮ ಸುಳ್ಳು ಹೇಳಿದ್ದು ನಿಜ. ಅವರು ಇಲ್ಲವೆಂದದ್ದು ಸರಿ. ಅದಕ್ಕೆ ನಾನು ಜಗಳವಾಡಲಿಲ್ಲ. ಮಾಮನ ಸಂಗತಿ ಹೇಳಿದೆ. ಅವರು ಚೀಲ ಕೆಳಗಿಟ್ಟು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಇಪ್ಪತ್ತೆರಡು ವರ್ಷಾನಾ... ಎಂದು ಎರಡು ಸಲ ಕೇಳಿದರು. ಆಮೇಲೆ, ತಮ್ಮ ಇದ್ದಾರಾ ಎಂದರು. ಇದ್ದಾನೆ ಎಂದೆ.

ಮರುದಿನ ಬೆಳಗ್ಗೆಯೇ ಮನೆಗೆ ಬಂದರು. ಅಮ್ಮನ ಮುಂದೆ ನಿಂತು ಕನ್ನಡದಲ್ಲಿ, “ಅಕ್ಕಾ, ನಿಮ್ಮ ಬಾಯಿಂದಾನೇ ನಾ ಕೇಳಿದ್ದು. ನಿಮ್ಮ ತಮ್ಮ ಏನೂ ಹೇಳ್ಲಿಲ್ಲ” ಎಂದರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಆಮೇಲೆ ಶುರುವಾಯಿತು.

“ಭಾಷೆ ತಿಳಿದೂ ಕಲ್ಲು ಕೂತಂಗೆ ಕೂತಿದ್ಯಲ್ಲ ನೀನು! ಒಂದು ಮಾತು ಆಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಸಚಿವಾಲಯದಲ್ಲಿ ಕಾರ್ಯದರ್ಶಿಯಾಗಿದ್ದವರನ್ನು ನೀನು ಎನ್ನುತ್ತಿದ್ದಾಳೆ ಎಂದು ನಾನು ಅವಳ ಕೈ ಜಗ್ಗಿದೆ. ಅವರು ತಲೆ ತಗ್ಗಿಸಿ ಬೈಸಿಕೊಂಡರು. ಬೈಗುಳ ಮುಗಿದು ಅಳು ಬಂದ ಮೇಲೆ, ಕಾರು ತಂದಿದ್ದೇನೆ, ಧಾರಾಪುರಂಗೆ ಹೋಗೋಣ ಎಂದರು.

ಮಾಮ ಬಾಗಿಲು ತೆಗೆದ. ಆರ್‌ಡಿಒ ಸಾರ್ ನಡುವೆ ನಿಂತು ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದು ಎಂದರು. ಮಾಮ ಅವರನ್ನು ದಾಟಿ ಬಂದ. “ಎಷ್ಟು ಇಳ್ದೋಗಿದ್ಯಲ್ಲಕ್ಕಾ” ಎಂದು ಅಮ್ಮನ ಕೈ ಹಿಡಿದುಕೊಂಡ. ಸಾರ್ ಹೊರಗೆ ಹೋಗಿ ಕಾರಿಗೆ ಒರಗಿ ನಿಂತರು. ನಾನು ಕಾಫಿ ಕೊಡಲು ಹೋದಾಗ ಕನ್ನಡಕ ಒರೆಸುತ್ತಿದ್ದರು.

ಆಮೇಲೆ ಒಂದು ವರ್ಷ ದಿನವೂ ಸಂಜೆ ನಮ್ಮಲ್ಲಿಗೆ ಬರುತ್ತಿದ್ದರು. ಹೆಂಡತಿ ತಮಿಳಿನವರು, ತೀರಿಕೊಂಡಿದ್ದರು. ಚೆನ್ನೈಯಲ್ಲಿದ್ದ ಮಗಳಿಗೆ ಕನ್ನಡ ಬಾರದು. ಅವರ ಕನ್ನಡವೂ ಹತ್ತು ವರ್ಷದ ಹುಡುಗನದು. ಸೌಟು, ಒಲೆ, ಹಟ್ಟಿ ಎಲ್ಲ ಬರುತ್ತಿತ್ತು. ಸರ್ಕಾರದ ಮಾತು ಬಂದರೆ ತಮಿಳಿಗೆ ಜಾರುತ್ತಿದ್ದರು. ಅಮ್ಮ ತಿದ್ದುತ್ತಿದ್ದಳು, ಗದರುತ್ತಿದ್ದಳು. ಯಾರಾದರೂ ಗದರಲಿ ಎಂದೇ ಬರುತ್ತಿದ್ದಾರೇನೋ ಎನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಸಾರ್ ಹೋಗಿಬಿಟ್ಟರು, ಹೃದಯ ನಿಂತುಹೋಯಿತಂತೆ. ಸುದ್ದಿ ತಿಳಿದು ಮಾಮನೂ ಧಾರಾಪುರಂನಿಂದ ಬಂದ. ದೊಡ್ಡ ದೊಡ್ಡ ಅಧಿಕಾರಿಗಳು ಹಾರ ಹಿಡಿದು ನಿಂತಿದ್ದರು. ಅಮ್ಮ ಅವರ ನಡುವೆ ನುಗ್ಗಿಹೋಗಿ, ಸಾರ್ ತಲೆಯ ಹತ್ತಿರ ಕೂತು ಕನ್ನಡದಲ್ಲಿ ಬೈದು ಬೈದು ಅತ್ತಳು. ಮಗಳು ಬಗ್ಗಿ, ನೀವು ಅಪ್ಪನಿಗೆ ಏನಾಗಬೇಕು ಎಂದು ತಮಿಳಿನಲ್ಲಿ ಕೇಳಿದಳು. ಅಕ್ಕ ಎಂದಳು ಅಮ್ಮ. ಆ ಹುಡುಗಿ ಗೊಂದಲದಿಂದ ಮಾಮನ ಕಡೆ ನೋಡಿದಳು. ಮಾಮ ಹೌದೆಂದು ತಲೆಯಾಡಿಸಿದ.

ಈಗ ಸಾರ್ ಇದ್ದ ಮನೆಗೆ ಬೇರೆ ಯಾರೋ ಬಾಡಿಗೆಗೆ ಬಂದಿದ್ದಾರೆ. ಸಂಜೆಯಾದರೆ ನನಗೆ ಈಗಲೂ ಕಿವಿ ಬಾಗಿಲ ಕಡೆಗೇ ಇರುತ್ತದೆ, ಸಂಕಟವಾಗುತ್ತದೆ. ಮಾಮ ತಿಂಗಳಿಗೊಮ್ಮೆ ಬಂದಾಗ ಅಕ್ಕತಮ್ಮ ಆ ಗೇಟಿನವರೆಗೆ ನಡೆದುಹೋಗುತ್ತಾರೆ. ಮೊನ್ನೆ ನಾನೂ ಜೊತೆಗಿದ್ದೆ. ಅಮ್ಮ ಗೇಟಿನ ಕಂಬಿ ಹಿಡಿದು, “ಬಾಯಿ ಬಿಡಕ್ಕೆ ಇಪ್ಪತ್ತೆರಡು ವರ್ಷ ತಕ್ಕೊಂಡ, ಕಳ್ಳ. ಹೋಗಕ್ಕೆ ಮಾತ್ರ ಅವಸರ” ಎಂದಳು. ಅವಳ ಸಿಟ್ಟು ಇನ್ನೂ ಇಳಿದಿಲ್ಲ. ಮಾಮ ಅವಳ ಮೊಣಕೈ ಹಿಡಿದು ಮನೆಗೆ ಕರೆತಂದ.