ಡೇಟ್ ಕೊಡದ ಶಮೀಮಕ್ಕ

ತುಮಕೂರಿನಲ್ಲಿ ನಾನು ಕಂಡ ಟೈಲರುಗಳಲ್ಲಿ, ಬಟ್ಟೆ ಯಾವತ್ತು ಕೊಡುತ್ತೀರಿ ಎಂದು ಕೇಳಿದರೆ ದಿನ ಹೇಳದೆ ಇರುತ್ತಿದ್ದವರು ಶಮೀಮಕ್ಕ ಒಬ್ಬರೇ. ಬೇರೆಯವರು ಸೋಮವಾರ ಎನ್ನುತ್ತಾರೆ. ಸೋಮವಾರ ಹೋದರೆ ಕರೆಂಟ್ ಇರಲಿಲ್ಲ, ಗುರುವಾರ ಬನ್ನಿ ಎನ್ನುತ್ತಾರೆ. ಗುರುವಾರ ನಮ್ಮ ಎದುರಿಗೇ ಕತ್ತರಿ ಕೈಗೆತ್ತಿಕೊಳ್ಳುತ್ತಾರೆ. ಶಮೀಮಕ್ಕ ಮಾತ್ರ ಬಟ್ಟೆಯನ್ನು ಒಮ್ಮೆ ಕೊಡವಿ, ಅಂಚು ಸವರಿ ನೋಡಿ, "ಡೇಟ್ ಕೊಡಲ್ಲ ಟೀಚರ್. ಇವತ್ತು ಕಟಿಂಗ್ ಮಾಡ್ತೀನಿ, ಅಷ್ಟು ಹೇಳ್ಬಲ್ಲೆ" ಎನ್ನುತ್ತಿದ್ದರು. ಮಾರನೆಯ ದಿನ ಕೇಳಿದರೆ ಇವತ್ತು ತೋಳು. ಅದರ ಮಾರನೆಯ ದಿನ ಇವತ್ತು ಹುಕ್ಸು. ಹೊಸ ಗಿರಾಕಿಗಳು ಇದೇನು ದೌಲತ್ತು ಎಂದು ಗೊಣಗುತ್ತಿದ್ದರು. ಹಳಬರು ನಾಲ್ಕನೆಯ ದಿನ ಹೋಗಿ ಬ್ಲೌಸು ತರುತ್ತಿದ್ದರು.

ಅಂಗಡಿ ಎಂದರೆ ಅವರ ಮನೆಯ ಮುಂದಿನ ಕೋಣೆ. ಬಿ.ಎಚ್. ರಸ್ತೆಯಿಂದ ಒಳಗೆ ಎರಡು ತಿರುವು. ಕಿಟಕಿಗೆ ಒತ್ತಿಕೊಂಡು ಮೆಷಿನ್ನು, ಪಕ್ಕದಲ್ಲಿ ಒಂದು ಕಬ್ಬಿಣದ ಟ್ರಂಕು, ಬಂದವರಿಗೆ ಒಂದು ಸ್ಟೂಲು. ಅವರಿಗೆ ಅರವತ್ತು ದಾಟಿತ್ತು. ಕನ್ನಡಕದ ಒಂದು ಕಡ್ಡಿ ಮುರಿದಿದ್ದರಿಂದ ಅದಕ್ಕೆ ದಾರ ಕಟ್ಟಿಕೊಂಡಿದ್ದರು. ಗಿರಾಕಿಗಳನ್ನು ಬೈದದ್ದು ನಾನು ಕೇಳಿಲ್ಲ. ದಾರ ತುಂಡಾದರೆ ಮಾತ್ರ ಅದಕ್ಕೆ ಉರ್ದುವಿನಲ್ಲಿ ಚೆನ್ನಾಗಿ ಬೈಗುಳ ಬೀಳುತ್ತಿತ್ತು.

ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು, ಪಟ್ಟಿ ಮಾಡುವ ಚಟದವಳು. ಪ್ರತಿವರ್ಷ ಡಿಸೆಂಬರ್ ಮೂವತ್ತೊಂದಕ್ಕೆ ಡೈರಿಯ ಮೊದಲ ಪುಟದಲ್ಲಿ ಹನ್ನೊಂದು ಸಂಕಲ್ಪ ಬರೆಯುತ್ತಿದ್ದೆ. ಐದಕ್ಕೆ ಏಳುವುದು, ವಾಕಿಂಗ್, ಸಕ್ಕರೆ ಬಂದ್, ಸ್ಕೂಟರ್ ಕಲಿಯುವುದು, ಒಂಬತ್ತನೇ ತರಗತಿಯ ಮೇಲೆ ಕಿರುಚದೆ ಇರುವುದು. ಏಳುವುದು ಮೂರು ದಿನ ನಡೆಯುತ್ತಿತ್ತು. ಸಕ್ಕರೆಯ ಕಥೆ ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಮುಗಿಯುತ್ತಿತ್ತು. ಹನ್ನೊಂದನೆಯ ಸಾಲು ಮಾತ್ರ ನಾಲ್ಕು ವರ್ಷದಿಂದ ಬದಲಾಗಿರಲಿಲ್ಲ. ಸುಮಾಗೆ ಫೋನ್ ಮಾಡುವುದು, ಕ್ಷಮೆ ಕೇಳುವುದು.

ಸುಮಾ ನನ್ನ ತಂಗಿ. ಕುಣಿಗಲ್ಲಿನಲ್ಲಿದ್ದಾಳೆ. ಅಮ್ಮ ನಮ್ಮ ಮನೆಯಲ್ಲಿ ತೀರಿಕೊಂಡ ದಿನ ಅವಳು ಬಸ್ಸು ಸಿಗದೆ ಒಂದು ಗಂಟೆ ತಡವಾಗಿ ಬಂದಳು. ನೆಂಟರೆಲ್ಲ ನಿಂತಿದ್ದಾಗ ನಾನು, ಇದ್ದಾಗ ಬರದವಳು ಈಗ ಯಾರನ್ನು ನೋಡೋಕೆ ಬಂದೆ ಎಂದೆ. ಹನ್ನೊಂದನೆಯ ದಿನದ ಕಾರ್ಯ ಮುಗಿಸಿಕೊಂಡು ಹೋದವಳು ಮತ್ತೆ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ತಪ್ಪು ನನ್ನದೆಂದು ನನಗೆ ಆ ಸಂಜೆಯೇ ಗೊತ್ತಿತ್ತು. ಆದರೂ ಹೇಳಲಿಲ್ಲ. ವರ್ಷ ವರ್ಷ ಬರೆದೆ, ಅಷ್ಟೇ.

ಶಮೀಮಕ್ಕನಿಗೂ ನನ್ನ ಸಂಕಲ್ಪಗಳಿಗೂ ಒಮ್ಮೆ ಜಟಾಪಟಿಯಾಗಿತ್ತು. ಒಂದು ಜನವರಿಯಲ್ಲಿ ಹಸಿರು ರೇಷ್ಮೆಯ ಬ್ಲೌಸ್ ಪೀಸ್ ಕೊಟ್ಟು, ಎರಡು ಬೆರಳು ಬಿಗಿ ಹೊಲಿಯಿರಿ, ಯುಗಾದಿಯೊಳಗೆ ನಾನು ಇಳಿಯುತ್ತೇನೆ ಎಂದೆ. ಅವರು ಟೇಪು ಕೊರಳಿಗೆ ಹಾಕಿಕೊಂಡು ಹೇಳಿದರು: "ನಾನು ಇವತ್ತಿರೋ ಮೈಗೆ ಹೊಲಿಯೋದು. ಯುಗಾದಿ ಮೈ ಬಂದಾಗ ಅದನ್ನೂ ಕರ್ಕೊಂಡ್ ಬನ್ನಿ. ಹಿಡಿದು ಕೊಡೋದು ಐದು ನಿಮಿಷದ ಕೆಲಸ."

ನನಗೆ ರೇಗಿತು. ಬಟ್ಟೆ ವಾಪಸ್ ತೆಗೆದುಕೊಂಡು ಬೇರೆ ಟೈಲರಿಗೆ ಕೊಟ್ಟೆ. ಆತ ನನ್ನ ಮಾತನ್ನು ನಂಬಿ ಹೊಲಿದ. ಅದನ್ನು ತೊಟ್ಟು ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಹೆಬ್ಬೂರಿಗೆ ಹೋದೆ. ಆರತಿ ಎತ್ತಲು ಕೈ ಮೇಲಕ್ಕೆ ಹೋಗಲಿಲ್ಲ. ಹಿರಿಯರ ಕಾಲಿಗೆ ಬಗ್ಗಿದಾಗ ಎರಡು ಹುಕ್ಸು ಹಾರಿಹೋದವು. ಸುಡುಬಿಸಿಲಿನಲ್ಲಿ ಇಡೀ ದಿನ ಸೆರಗು ಹೊದ್ದುಕೊಂಡು, ಚಳಿಜ್ವರ ಬಂದಿದೆ ಎಂದು ಸುಳ್ಳು ಹೇಳಿಕೊಂಡು ತಿರುಗಿದೆ. ಮಾರನೆಯ ದಿನ ತಲೆ ತಗ್ಗಿಸಿಕೊಂಡು ಶಮೀಮಕ್ಕನ ಹತ್ತಿರ ಹೋದೆ. ನಾನು ಹೇಳಿದ್ದೆನಲ್ಲ ಎಂದು ಅವರು ಹೇಳಲಿಲ್ಲ. ಬ್ಲೌಸನ್ನು ಒಳಮುಖ ಮಾಡಿ ನೋಡಿದರು. ಬಿಚ್ಚಿ ಅಗಲ ಮಾಡಲು ಆ ಟೈಲರು ಒಳಗೆ ಬಟ್ಟೆಯನ್ನೇ ಬಿಟ್ಟಿರಲಿಲ್ಲ. ಬೇರೊಂದು ಹಸಿರಿನ ತುಂಡನ್ನು ಕಂಕುಳಡಿ ಕೂಡಿಸಿ, ಕಂಕುಳು ಯಾರು ನೋಡ್ತಾರೆ ಬಿಡಿ ಎಂದು ಮಡಿಸಿ ಕೊಟ್ಟರು. ಆಮೇಲೆ ನಾನು ಬೇರೆ ಕಡೆ ಹೊಲಿಸಲಿಲ್ಲ.

ಅದಾದ ಮುಂದಿನ ಸಂಕ್ರಾಂತಿಗೆ ಅವರಿಗೆ ಎಳ್ಳು ಕೊಡಲು ಹೋಗಿದ್ದೆ. ಅವರು ಟ್ರಂಕು ಖಾಲಿ ಮಾಡುತ್ತಿದ್ದರು. ಗಿರಾಕಿಗಳು ಕೊಟ್ಟ ಅಳತೆ ಬ್ಲೌಸುಗಳೆಲ್ಲ ಅದರಲ್ಲಿದ್ದವು, ಒಂದೊಂದಕ್ಕೂ ಹೆಸರು ಬರೆದ ಚೀಟಿ ಪಿನ್ನು ಮಾಡಿತ್ತು. ಅದರೊಳಗಿಂದ ಒಂದು ಮರೂನ್ ಬ್ಲೌಸು ತೆಗೆದು ನನ್ನ ಮುಂದೆ ಹಿಡಿದರು. ಸುಮಾಳದು. ಜಗಳಕ್ಕೆ ಮುಂಚೆ ನಾವಿಬ್ಬರೂ ಒಟ್ಟಿಗೆ ಅಲ್ಲಿಯೇ ಹೊಲಿಸುತ್ತಿದ್ದೆವು. ಇದನ್ನು ಕಳಿಸಲೋ, ಇಟ್ಟುಕೊಳ್ಳಲೋ ಎಂದು ಕೇಳಿದರು.

ನಾನು ಸ್ಟೂಲಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಕೊನೆಗೆ, ಈ ವರ್ಷ ಖಂಡಿತ ಫೋನ್ ಮಾಡಿ ಕ್ಷಮೆ ಕೇಳುತ್ತೇನೆ, ಡೈರಿಯಲ್ಲಿ ಬರೆದಿದ್ದೇನೆ ಎಂದೆ. ಶಮೀಮಕ್ಕ ಎಳ್ಳಿನಿಂದ ಒಂದು ಚೂರು ಕೊಬ್ಬರಿ ಆರಿಸಿ ಬಾಯಿಗೆ ಹಾಕಿಕೊಂಡರು.

"ಅಷ್ಟು ದೊಡ್ಡದು ಯಾಕೆ ಹೊತ್ಕೋತೀರ ಟೀಚರ್? ಹೊತ್ಕೊಂಡು ನಿಂತ್ರೆ ಕಾಲೇ ಮುಂದಕ್ಕೆ ಹೋಗಲ್ಲ. ಸಾರಿ ಗೀರಿ ಎಲ್ಲ ಇವತ್ತು ಬೇಡ. ಅಳತೆ ಬದಲಾಗಿದ್ಯಾ ಅಂತ ಒಂದು ಮಾತು ಕೇಳಿ. ಇವತ್ತಿಗೆ ಅಷ್ಟೇ ಕೆಲಸ."

ಅಲ್ಲೇ ಕುಳಿತು ಮೊಬೈಲಿನಲ್ಲಿ ಬರೆದೆ. ಶಮೀಮಕ್ಕನ ಹತ್ತಿರ ನಿನ್ನ ಅಳತೆ ಬ್ಲೌಸು ಇದೆ, ಅಳತೆ ಬದಲಾಗಿದೆಯಾ? ಅವತ್ತು ಉತ್ತರ ಬರಲಿಲ್ಲ. ಮಾರನೆಯ ದಿನ ಸಂಜೆ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಬಂತು. "ಬದಲಾಗಿದೆ. ಎಡಗಡೆ ಎದೆ ತೆಗೆದಿದ್ದಾರೆ. ಎಂಟು ತಿಂಗಳಾಯಿತು. ಬ್ಲೌಸು ಹೊಲಿಸುವುದನ್ನು ಬಿಟ್ಟಿದ್ದೀನಿ."

ತುಮಕೂರಿನ ಎರಡು ಬಸ್ಸು ಬಂದು ಹೋದವು. ನಾನು ಹತ್ತಲಿಲ್ಲ. ಅಕ್ಕನಿಗೆ ಹೇಳಕೂಡದೆಂದು ಅವಳು ಗಂಡನಿಂದ ಆಣೆ ಹಾಕಿಸಿಕೊಂಡಿದ್ದಳೆಂದು ಆಮೇಲೆ ತಿಳಿಯಿತು. ಆ ಎಂಟು ತಿಂಗಳು ನಾನು ಏನು ಮಾಡುತ್ತಿದ್ದೆ ಎಂದು ಲೆಕ್ಕ ಹಾಕಿದೆ. ವಾಕಿಂಗ್ ಹೋಗಬೇಕು ಎಂದುಕೊಳ್ಳುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮನೆಗೆ ಹೋಗುವ ಮುಂಚೆ ಶಮೀಮಕ್ಕನಿಗೆ ಮೆಸೇಜು ಓದಿ ಹೇಳಿದೆ. ಅವರು ಮೆಷಿನ್ನಿನ ಮೇಲಿದ್ದ ಕೈ ತೆಗೆದರು. ಇಂಥ ಬ್ಲೌಸು ಮೊದಲೂ ಹೊಲಿದಿದ್ದೇನೆ, ಒಳಗೆ ಹತ್ತಿ ಕೂಡಿಸಿದರೆ ಗೊತ್ತಾಗುವುದಿಲ್ಲ, ಆದರೆ ಅಳತೆಯನ್ನು ಎದುರಿಗೆ ನಿಂತೇ ತೆಗೆಯಬೇಕು ಎಂದರು. ಆಮೇಲೆ, "ಭಾನುವಾರ ಹೋಗೋಣ" ಎಂದರು. ಅವರ ಬಾಯಲ್ಲಿ ಒಂದು ದಿನದ ಹೆಸರು ಕೇಳಿದ್ದು ನಾನು ಅದೊಂದೇ ಸಲ.

ಆ ಬ್ಲೌಸು ಅವರು ಹೊಲಿದ ಕೊನೆಯ ಕೆಲಸಗಳಲ್ಲಿ ಒಂದು. ಬೇಸಿಗೆಯಲ್ಲಿ ಹಾಸಿಗೆ ಹಿಡಿದರು, ಮಳೆಗಾಲಕ್ಕೆ ಮುಂಚೆ ಹೋಗಿಬಿಟ್ಟರು. ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದಾರೆ, ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ. ಆ ದಾರಿಯಲ್ಲಿ ಹೋದಾಗ ನಾನು ಅತ್ತ ನೋಡುವುದಿಲ್ಲ. ಅವರ ಜೊತೆ ನಾನು ಪೂರ್ತಿ ಕಳೆದದ್ದು ಆ ಭಾನುವಾರ ಒಂದನ್ನೇ.

ಕುಣಿಗಲ್ ಬಸ್ಸಿನಲ್ಲಿ ಅವರು ಕಿಟಕಿಗೆ ತಲೆ ಆನಿಸಿ ಹೆಬ್ಬೂರಿನವರೆಗೂ ನಿದ್ದೆ ಮಾಡಿದರು. ನಾನು ಏನು ಮಾತಾಡಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಸುಮಾ ಬಾಗಿಲು ತೆಗೆದಳು. ತೆಳ್ಳಗಾಗಿದ್ದಳು, ಕೂದಲು ಈಗಷ್ಟೇ ಬೆಳೆಯುತ್ತಿತ್ತು. ಶಮೀಮಕ್ಕನನ್ನು ಬನ್ನಿ ಎಂದಳು, ನನ್ನತ್ತ ನೋಡಿ ದಾರಿ ಬಿಟ್ಟಳು. ಅವರಿಬ್ಬರೂ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹಾಲ್‌ನಲ್ಲಿ ಕುಳಿತೆ. ಜೋಡಿಸಿಕೊಂಡಿದ್ದ ಮಾತು ಒಂದೂ ಉಳಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಶಮೀಮಕ್ಕ ಬಾಗಿಲು ಅರ್ಧ ತೆಗೆದು, "ಟೀಚರ್, ಟೇಪ್ ಹಿಡ್ಕೊಳ್ಳೋಕೆ ಒಂದು ಕೈ ಬೇಕು. ನಿಮ್ಮ ತಂಗಿ ನಿಮ್ಮನ್ನೇ ಕರೀರಿ ಅಂದ್ರು" ಎಂದರು.

ಒಳಗೆ ಹೋದೆ. ಸುಮಾ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಎಡಗೈ ಭುಜದ ಎತ್ತರಕ್ಕೂ ಏರುತ್ತಿರಲಿಲ್ಲ. ಶಮೀಮಕ್ಕ ಟೇಪಿನ ತುದಿಯನ್ನು ನನ್ನ ಕೈಗಿಟ್ಟು, ಇಲ್ಲಿ ಎಂದು ಜಾಗ ತೋರಿಸಿದರು. ಕಂಕುಳಿನವರೆಗೂ ಬಂದಿದ್ದ ಆಪರೇಷನ್ನಿನ ಹೊಲಿಗೆಯ ಗುರುತಿಗಿಂತ ಸ್ವಲ್ಪ ಮೇಲೆ ನಾನು ಬೆರಳಿಟ್ಟೆ.

"ಕೈ ತಣ್ಣಗಿದೆ ಕಣೇ ಅಕ್ಕ" ಎಂದಳು.

ತೆಗೆಯಬೇಡ ಎಂದೂ ಅಂದಳು.