ಎತ್ತಿಗೆ ಸೋಮವಾರ ಸೂಟಿ, ವಿಮಲಾಬಾಯಿಗೆ ಇಲ್ಲ

ಸೇಡಂ ತಾಲ್ಲೂಕಿನ ಆಡಕಿಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರೊಟ್ಟಿ ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ವಿಮಲಾಬಾಯಿ ಓಣಿಯ ಬಾಗಿಲು ಬಡಿಯುತ್ತ ಹೊರಟಿದ್ದಾರೆ.

"ಲಾಲಮ್ಮಾ, ಎದ್ದಿಯೇನ? ಟಂಟಂ ಬಂದು ನಿಂತದ, ನಡೀ ಲಗೂನ!"

ಒಳಗಿನಿಂದ ಒಂದು ನರಳಾಟ ಕೇಳುತ್ತದೆ, ಅದೇ ಉತ್ತರ. ಅವರು ಮುಂದಿನ ಬಾಗಿಲಿಗೆ ಹೋಗುತ್ತಾರೆ. ಇಡೀ ಓಣಿಯನ್ನು ಎಬ್ಬಿಸುವ ಈ ಹೆಂಗಸಿನ ಕಣ್ಣಲ್ಲೇ ನಿದ್ದೆ ತುಂಬಿದೆ.

ಇಂದು ಸೋಮವಾರ. ಈ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ವಿಮಲಾಬಾಯಿಯ ಅಂಗಳದಲ್ಲೂ ಜೋಡಿ ಎತ್ತು ಮಲಗಿ ಮೆಲುಕು ಹಾಕುತ್ತಿವೆ. ಅವುಗಳ ಪಕ್ಕದ ಕಟ್ಟೆಯ ಮೇಲೆ ಗಂಡ ಕಾಶೀನಾಥ ಚಹಾದ ಬಸಿ ಹಿಡಿದು ಕುಳಿತಿದ್ದಾರೆ. ಮೆಲುಕೊಂದನ್ನು ಬಿಟ್ಟರೆ ಅವರಿಗೂ ಎತ್ತಿಗೂ ಇವತ್ತು ಅಂಥ ವ್ಯತ್ಯಾಸವಿಲ್ಲ.

ಎತ್ತು ಮಲಗಿದರೆ ಸಾಲುಗಳ ನಡುವಿನ ಕಸ ಹೆರೆಯುವ ಎಡೆಕುಂಟೆಯೂ ಮಲಗುತ್ತದೆ. ಆದರೆ ತೊಗರಿ ಹೊಲದ ಕಸ ಮಲಗುವುದಿಲ್ಲವಲ್ಲ! ಹಾಗಾಗಿ ಕೈಯಿಂದ ಕಸ ತೆಗೆಯುವ ಹೆಂಗಸರಿಗೆ ಸೋಮವಾರವೇ ಬೇಡಿಕೆ ಹೆಚ್ಚು. "ಎತ್ತಿಗಿ ಸೂಟಿ, ನಮ್ಮ ಯಜಮಾನರಿಗೂ ಸೂಟಿ. ನಂದು ಮಾತ್ರ ಭಾಳ ಜೋರು ದಿನ ನೋಡ್ರಿ," ಎಂದು ವಿಮಲಾಬಾಯಿ ನಗುತ್ತಾರೆ. ನಗು ಅರ್ಧಕ್ಕೇ ಆಕಳಿಕೆಯಾಗುತ್ತದೆ.

ಇಪ್ಪತ್ತು ಹೆಂಗಸರ ಗುಂಪಿಗೆ ಅವರು ಮುಂದಾಳು. ಹೊಲ ಹುಡುಕುವುದು, ಕೂಲಿ ಮಾತಾಡುವುದು, ಜಗಳ ಬಿಡಿಸುವುದು, ಯಾರದೋ ಕೂಸಿಗೆ ಜ್ವರ ಬಂದರೆ ಟಂಟಂ ಆಟೋ ತಿರುಗಿಸಿ ದವಾಖಾನೆಗೆ ಕಳಿಸುವುದು, ಎಲ್ಲವೂ ಅವರ ತಲೆಗೇ. "ಹಂಚಿನ ಮ್ಯಾಲ ರೊಟ್ಟಿ ಇದ್ದಾಗೇ ಫೋನ್ ಬರ್ತದ್ರಿ. ಮಾತು ಮುಗಿಯೋದ್ರಾಗ ರೊಟ್ಟಿ ಕರ್ರಗ. ನನ್ನ ದನಿ ದೊಡ್ಡದಂತ ಎಲ್ಲಾರೂ ಸೇರಿ ಮುಂದ ನಿಂದ್ರಸಿದ್ರು. ಈಗ ಆ ದನಿನೂ ಬಿದ್ದೋಗ್ಯದ."

ಮನೆಯಲ್ಲಿ ಇದಕ್ಕೆ ದೂರು ಇಲ್ಲದಿಲ್ಲ. ಚಿತ್ತಾಪುರಕ್ಕೆ ಮದುವೆಯಾಗಿ ಹೋದ ಮಗಳು ಶಿವಗಂಗಾ ಈಗ ತುಂಬು ಬಸುರಿ, ತವರಿಗೆ ಬಂದಿದ್ದಾಳೆ. ಬರುವ ಸೋಮವಾರ ಅವಳ ಕುಬುಸ, ಅಂದರೆ ಸೀಮಂತ. "ನನ್ನ ಮದುವ್ಯಾಗೂ ನಮ್ಮವ್ವ ಒಂದು ಕೈಲೆ ಫೋನ್ ಹಿಡ್ಕೊಂಡು ಇನ್ನೊಂದು ಕೈಲೆ ಅಕ್ಕಿಕಾಳು ಹಾಕ್ಯಾಳ. ಕುಬುಸದ ದಿನಾನೂ ಹೊಲಕ್ಕ ಹೋದ್ರ ನಾ ಉಡಿ ತುಂಬಿಸ್ಕೊಳ್ಳಂಗಿಲ್ಲ, ಹೇಳೇ ಬಿಟ್ಟೀನಿ," ಎನ್ನುತ್ತಾಳೆ ಮಗಳು. ತಾಯಿ ತಲೆ ತಗ್ಗಿಸಿ ಟಂಟಂ ಹತ್ತುತ್ತಾರೆ.

ಒಂದು ದಿನ ಬಿಟ್ಟರೆ ಏನು ಮುಳುಗಿಹೋಗುತ್ತದೆ ಎಂದು ಕೇಳುವವರು ಹೊಲಕ್ಕೆ ಬಂದು ನೋಡಬೇಕು. ಬದುವಿಗೆ ಅಂಟಿದ ಸಾಲು ಮುಂದಾಳಿನದು. ಅವರ ವೇಗವೇ ಎಲ್ಲರ ವೇಗ. ಪಕ್ಕದ ಸಾಲು ಯಾವಾಗಲೂ ಅಮೃತಮ್ಮನದು. ಮೊಣಕಾಲು ಸೋತ ಹಿರಿಯ ಜೀವ, ಒಂಟಿ ಬದುಕು. ವಿಮಲಾಬಾಯಿಯ ಬಲಗೈಯ ಕಸ ತೆಗೆಯುವ ಕುರ್ಚಿಗಿ ತಮ್ಮ ಸಾಲಿನಲ್ಲಿ ಆಡುತ್ತಿದ್ದರೆ, ಎಡಗೈ ಸದ್ದಿಲ್ಲದೆ ಅಮೃತಮ್ಮನ ಸಾಲಿನ ಕಸ ಕಿತ್ತುಹಾಕುತ್ತಿರುತ್ತದೆ. ಹಾಗಾಗಿ ಆ ಮುದುಕಿ ಹಿಂದೆ ಬೀಳುವುದಿಲ್ಲ, ಹೊಲದ ಯಜಮಾನರ ಕಣ್ಣಿಗೂ ಬೀಳುವುದಿಲ್ಲ.

ಹೋದ ತಿಂಗಳು ಕುಬುಸದ ದಿನ ಗೊತ್ತು ಮಾಡಲು ವಿಮಲಾಬಾಯಿ ಚಿತ್ತಾಪುರಕ್ಕೆ ಹೋದರು. ಗುಂಪನ್ನು ಅದರಲ್ಲೇ ಚುರುಕಾದ ಜಬೀನಾಳಿಗೆ ಒಪ್ಪಿಸಿದರು, ಎಡಗೈಯ ವಿಷಯ ಮಾತ್ರ ಹೇಳಲಿಲ್ಲ. ಜಬೀನಾ ಹುರುಪಿನಿಂದ ಮುಂದೆ ಓಡಿದಳು, ಅಮೃತಮ್ಮ ಅರ್ಧ ಸಾಲಿನಲ್ಲೇ ಉಳಿದರು. "ನಾಳಿಂದ ಈ ಮುದುಕಿನ್ನ ತರಬ್ಯಾಡ್ರಿ," ಎಂದರು ಹೊಲದವರು, ಎಲ್ಲರೆದುರು. ಅಮೃತಮ್ಮ ವಾರವಿಡೀ ಬಾಗಿಲು ತೆರೆಯಲಿಲ್ಲ.

"ಹೇಳಿದ್ರ ಆಕಿ ಮರ್ಯಾದಿ ಹೋಗ್ತದಂತ ಬಾಯಿ ಮುಚ್ಕೊಂಡೆ. ಮುಚ್ಕೊಂಡಿದ್ದಕ್ಕೇ ಮರ್ಯಾದಿ ಹೋಯ್ತು. ಕೈ ಕಾಲು ಹಿಡದು ಕರ್ಕೊಂಡ್ ಬಂದೀನ್ರಿ," ಎನ್ನುತ್ತಾರೆ ವಿಮಲಾಬಾಯಿ. ಮಗಳನ್ನು ಬಿಟ್ಟು ಹೊಲಕ್ಕೆ ಬರುವುದೋ, ಈ ಮುದುಕಿಯ ಅನ್ನ ಮತ್ತೆ ತಪ್ಪಿಸುವುದೋ, ಅವರ ಬರುವ ಸೋಮವಾರ ಈಗ ಇಷ್ಟಕ್ಕೆ ಬಂದು ನಿಂತಿದೆ.

ಮಧ್ಯಾಹ್ನ ಬೇವಿನ ನೆರಳಲ್ಲಿ ರೊಟ್ಟಿ ಬಿಚ್ಚಿದಾಗ ಅವರು ಜಬೀನಾಳನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿಬಿಡುತ್ತಾರೆ.

"ಅವತ್ತೇ ಹೇಳಬಾರದೇನಕ್ಕ? ಲಗೂ ಮುಗಸಿ ಶಾಬಾಶ್ ಅನಿಸ್ಕೊಬೇಕಂತ ಓಡಿದೆ. ಹಿಂದ ತಿರುಗಿ ನೋಡ್ಲೇ ಇಲ್ಲ," ಎಂದು ಅವಳು ಕಣ್ಣೊರೆಸಿಕೊಳ್ಳುತ್ತಾಳೆ.

ಊಟವಾದ ಮೇಲೆ ಬದುವಿನ ಸಾಲು ಜಬೀನಾಳದು. ಅವಳ ಎಡಗೈ ಇನ್ನೂ ಪಳಗಿಲ್ಲ. ಅಮೃತಮ್ಮನ ಕಸ ಕೀಳುವ ಭರದಲ್ಲಿ ತನ್ನದನ್ನೇ ಬಿಟ್ಟು ಮುಂದೆ ಹೋಗುತ್ತಾಳೆ. "ಮದ್ಲ ನಿನ್ನ ಸಾಲು ನೋಡ್ಕೋ ಯವ್ವಾ," ಎಂದು ಅಮೃತಮ್ಮ ಗದರುತ್ತಾರೆ. ಸಾಲಿಗೆಲ್ಲ ನಗು ಹಬ್ಬುತ್ತದೆ. ಹೊಲದ ಯಜಮಾನರು ಬದುವಿನ ಮೇಲೆ ಬಂದು ನಿಂತಾಗ ಎಲ್ಲ ಬೆನ್ನುಗಳೂ ಒಂದೇ ಸಾಲಿನಲ್ಲಿವೆ.

ವಿಮಲಾಬಾಯಿ ನಡುವಿನ ಸಾಲಿನಲ್ಲಿ ಕುಳಿತಿದ್ದಾರೆ. ಅಭ್ಯಾಸಬಲ, ಎಡಗೈ ಆಗಾಗ ತಾನಾಗಿಯೇ ಪಕ್ಕಕ್ಕೆ ಹೋಗುತ್ತದೆ. ಅದನ್ನು ಹಿಂದಕ್ಕೆಳೆದುಕೊಂಡು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಸೆರಗಿನಲ್ಲಿ ಫೋನ್ ಬಡಿದುಕೊಳ್ಳುತ್ತಿದೆ, ಇವತ್ತು ಇನ್ನೂ ಎತ್ತಲೇಬೇಕು.

ಬರುವ ಸೋಮವಾರ?

"ಫೋನ್ ಜಬೀನಾಗ ಕೊಟ್ಟುಬಿಡ್ತೀನ್ರಿ," ಎನ್ನುತ್ತಾರೆ, ಮಣ್ಣು ಮೆತ್ತಿದ ಅಂಗೈಗಳನ್ನು ನೋಡಿಕೊಳ್ಳುತ್ತ. "ನನ್ನ ಮಗಳ ಉಡಿ ಎರಡೂ ಕೈಲೆ ತುಂಬಬೇಕು."